ನೆರಿಗೆಯ ಬಾಣಂತನ

ನಮ್ಮೂರಿನಲ್ಲಿ ಕಪ್ಪು ಬಟ್ಟೆ ಕಾಣೆಯಾದರೆ ಯಾರೂ ಗಾಬರಿಯಾಗುವುದಿಲ್ಲ. ಕಾಲುವೆಯ ಬಳಿ ಹೋಗಿ ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಈ ದಡದಿಂದ ಆ ದಡಕ್ಕೆ ಬಿಗಿದ ಹಗ್ಗಗಳ ಮೇಲೆ ಊರಿನ ಕಪ್ಪು ಸೀರೆ, ಕಪ್ಪು ಕಂಬಳಿ, ವಕೀಲರ ಕೋಟು, ಎಲ್ಲ ಒಂದರ ಮಗ್ಗುಲಲ್ಲಿ ಒಂದು ಹರಡಿಕೊಂಡಿರುತ್ತವೆ. ನನ್ನ ಮದುವೆಗೆ ಹೊಲಿಸಿದ ಕಪ್ಪು ಪ್ಯಾಂಟು ಹಾಗೆ ಹೋದದ್ದು ಇನ್ನೂ ವಾಪಸು ಬಂದಿಲ್ಲ. ನಾನೂ ಕೇಳಲು ಹೋಗಿಲ್ಲ. ಈಗ ಸಿಕ್ಕಿದರೂ ಸೊಂಟಕ್ಕೆ ಏರುವುದು ಅನುಮಾನ.

ಇದೆಲ್ಲ ನೆರಿಗೆ ಬಂದಾಗ. ನೆರಿಗೆ ಎಂದರೆ ಒಂದು ತಾಟೆ. ಶಾಲೆಯ ಪುಸ್ತಕದಲ್ಲಿ ಶಾರ್ಕ್ ಎಂದು ಬರೆದಿರುವ ಮೀನಿಗೆ ನಾವು ತಾಟೆ ಎನ್ನುತ್ತೇವೆ. ಆದರೆ ಇವಳನ್ನು ಕಂಡವರು ಶಾರ್ಕ್ ಎನ್ನಲಿಕ್ಕಿಲ್ಲ. ಹಾವುಮೀನಿನ ಹಾಗೆ ಉದ್ದನೆಯ ಮೈ, ಕಾಫಿಪುಡಿಯ ಬಣ್ಣ, ಅಂಗಾತ ಮಲಗಿದ ಆಳಿನಷ್ಟು ಉದ್ದ. ಕುತ್ತಿಗೆಯ ಸುತ್ತ ಕಿವಿರುಗಳು ಸಾಲುಸಾಲಾಗಿ, ಅಂಚು ಕೆಂಪಗೆ, ಹಳೇ ಕಾಲದ ರವಿಕೆಯ ತೋಳಿಗೆ ಇಡುತ್ತಿದ್ದ ಝಾಲರಿಯಂತೆ ನೆರಿಗೆ ಬಿದ್ದಿರುತ್ತವೆ. ಹೆಸರು ಬಂದದ್ದು ಅದರಿಂದ. ಬಿಸಿಲು ಎಂದೂ ಮುಟ್ಟದ ಆಳದಲ್ಲಿ ಅವಳ ಸಂಸಾರ. ಬೇರೆ ಊರಿನ ಮೀನುಗಾರರಿಗೆ ಇಂಥದ್ದೊಂದು ಉಂಟೆಂದು ಹೇಳಿದರೆ ನಕ್ಕುಬಿಡುತ್ತಾರೆ. ಮೂರೂವರೆ ವರ್ಷ ಬಸಿರು ಹೊರುತ್ತಾಳೆ ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ಹೊತ್ತು ಹೊತ್ತು ಸಾಕಾದ ಮೇಲೆ, ಕೊನೆಯ ಕೆಲವು ತಿಂಗಳಿಗೆಂದು ಅವಳು ನಮ್ಮ ಕಾಲುವೆಗೆ ಬರುತ್ತಾಳೆ. ಕಾಲುವೆಯ ಎರಡೂ ಕಡೆ ಮನೆಗಳು, ಪ್ರತಿ ಮನೆಯ ಹಿತ್ತಿಲಿನಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಯಾವ ಮನೆಯ ಮೆಟ್ಟಿಲ ಬುಡದಲ್ಲಿ ಅವಳು ಸುರುಳಿ ಸುತ್ತಿ ಮಲಗುತ್ತಾಳೋ ಅದು ಅವಳ ತವರುಮನೆ.

ಆಮೇಲಿನದು ಊರಿಗೆ ರೂಢಿ. ಅವಳಿಗೆ ಬೆಳಕು ಆಗದು, ಹಾಗಾಗಿ ಮೇಲೆ ಕಪ್ಪು ಚಪ್ಪರ. ಬೆಚ್ಚಗಿನ ನೀರು ಆಗದು, ಹಾಗಾಗಿ ಮಂಜುಗಡ್ಡೆ ಕಾರ್ಖಾನೆಯ ಮೊದಲ ಗಡ್ಡೆಗಳು ಅವಳ ಪಾಲಿಗೆ, ಉಳಿದದ್ದು ಮೀನಿನವರಿಗೆ. ಕಾಲುವೆಯಲ್ಲಿ ದೋಣಿಗಳು ಇಂಜಿನು ನಿಲ್ಲಿಸಿ ಕೋಲು ಊರಿಕೊಂಡು ಹೋಗುತ್ತವೆ. ಊರಿನಲ್ಲಿ ಹುಡುಕಿದರೂ ಒಂದು ಕಪ್ಪು ಕೊಡೆ ಸಿಗುವುದಿಲ್ಲ. ಮೀಸೆ ಹೊತ್ತ ಗಂಡಸರೆಲ್ಲ ಹೆಂಡತಿಯ ಹೂವಿನ ಕೊಡೆ ಹಿಡಿದು ಬಿಸಿಲಿನಲ್ಲಿ ಓಡಾಡುತ್ತಾರೆ. ಯಾರೂ ನಗುವುದಿಲ್ಲ. ನಕ್ಕವನ ಕೈಯಲ್ಲೂ ಅಂಥದ್ದೇ ಇರುತ್ತದಲ್ಲ.

ಇನ್ನೊಂದು ಕಟ್ಟಳೆ ಉಂಟು, ಅದು ಮಾತ್ರ ಸ್ವಲ್ಪ ಬಿಗಿ. ಒಂದು ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಬಾಣಂತನ. ನೆರಿಗೆ ಮಲಗಿದ ಮನೆಗೆ ಆ ಮನೆಯ ಮಗಳು ಹೆರಿಗೆಗೆ ಬರುವ ಹಾಗಿಲ್ಲ. ನೆರಿಗೆಗೆ ಮಂಜು ಹಾಕಿದ ಕೈ, ಅವಳು ಹೆತ್ತು ಹೊರಡುವ ತನಕ, ಹಸುಗೂಸನ್ನು ಮುಟ್ಟುವ ಹಾಗಿಲ್ಲ. ಯಾರು ಮಾಡಿದ ಕಟ್ಟಳೆಯೋ, ಮುರಿದವರ ಸುದ್ದಿ ಮಾತ್ರ ನಾನು ಕೇಳಿಲ್ಲ.

ಆ ಸಲ ಅವಳು ಬಂದು ಮಲಗಿದ್ದು ವಾರಿಜಕ್ಕನ ಮೆಟ್ಟಿಲಿನಲ್ಲಿ.

ವಾರಿಜಕ್ಕನಿಗೆ ಇದ್ದವಳು ಒಬ್ಬಳೇ ಮಗಳು, ವನಿತಾ. ಹೊಳೆಯಾಚೆಯ ಊರಿಗೆ ಕೊಟ್ಟಿತ್ತು. ಅವಳ ಬಸಿರಿಗೆ ಏಳು ತಿಂಗಳು ತುಂಬಿ, ಮುಂದಿನ ವಾರ ತವರಿಗೆ ಬರುವವಳಿದ್ದಳು. ವಾರಿಜಕ್ಕ ಎಂದರೆ ಗೊತ್ತಲ್ಲ, ಎಲ್ಲದಕ್ಕೂ ಒಂದು ತಿಂಗಳು ಮೊದಲೇ ಸಜ್ಜಾಗುವ ಹೆಂಗಸು. ಬಾಣಂತಿಯ ಬಿಸಿನೀರಿಗೆ ಕಟ್ಟಿಗೆ ಒಟ್ಟಿದ್ದಾಯಿತು, ಲೇಹ್ಯಕ್ಕೆ ಕಾಳುಮೆಣಸು ಒಣಗಿಸಿದ್ದಾಯಿತು, ಹಳೇ ನೂಲಿನ ಸೀರೆಗಳನ್ನು ಹರಿದು ಮಗುವಿನ ಬಟ್ಟೆ ಮಾಡಿದ್ದಾಯಿತು. ಗಂಡ ಐತಪ್ಪಣ್ಣನನ್ನು ಅಟ್ಟಕ್ಕೆ ಹತ್ತಿಸಿ ತೊಟ್ಟಿಲನ್ನೂ ಇಳಿಸಿ ತೊಳೆಸಿದ್ದಾಯಿತು. ಆ ಬೆಳಿಗ್ಗೆ ಪಾತ್ರೆ ತೊಳೆಯಲು ಮೆಟ್ಟಿಲಿಳಿದವರು ನೀರಿನೊಳಗೆ ಕಂದು ಸುರುಳಿಯನ್ನು ನೋಡಿದರು. ಅದರ ನಡುವೆ ಕೆಂಪು ಝಾಲರಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು.

"ಏ, ಇಲ್ಲಿ ಎಂತ ಮಾಡ್ತಿದ್ದಿ ನೀನು?" ಎಂದರು ವಾರಿಜಕ್ಕ. "ಏಳು. ಇಲ್ಲಿ ಜಾಗ ಇಲ್ಲ. ನನ್ನ ಮಗಳು ಬರ್ಲಿಕ್ಕುಂಟು. ಅತ್ಲಾಗಿ ಹೋಗು ಮಾರಾಯ್ತಿ, ಎಷ್ಟು ಮನೆ ಉಂಟು ಈ ಕಾಲುವೆಯಲ್ಲಿ!"

ನೆರಿಗೆ ಅಲುಗಾಡಲಿಲ್ಲ. ವಾರಿಜಕ್ಕ ಪಾತ್ರೆಗಳನ್ನು ಹಾಗೆಯೇ ಎತ್ತಿಕೊಂಡು ಒಳಗೆ ಹೋದರು. ಯಾರಿಗೂ ಹೇಳಬಾರದು, ಸಂಜೆಗೆ ತಾನೇ ಹೋದಾಳು ಎಂದು ಅವರ ಲೆಕ್ಕಾಚಾರ. ಆದರೆ ಪಕ್ಕದ ಮನೆಯ ಮೆಟ್ಟಿಲಿನಲ್ಲಿ ಪೊರಕೆ ಹಿಡಿದುಕೊಂಡು ಸೇಸಮ್ಮ ನಿಂತಿದ್ದರು. ಅವರು ನೋಡಿಯಾಗಿತ್ತು.

ಸೇಸಮ್ಮನಿಗೂ ವಾರಿಜಕ್ಕನಿಗೂ ಮಾತಿಲ್ಲದೆ ವರ್ಷಗಳಾಗಿದ್ದವು. ಸೇಸಮ್ಮ ವಿಧವೆ, ಮಕ್ಕಳಿಲ್ಲ. ಯಾರನ್ನೂ ಹೆರಿಗೆಗೆ ಕರೆತರುವ ಯೋಗ ಆ ಮನೆಗಿರಲಿಲ್ಲ. ಹಾಗಾಗಿ ಅವರು ದಿನಾ ಬೆಳಿಗ್ಗೆ ನೀರಿನ ಮಟ್ಟದ ತನಕ ಮೆಟ್ಟಿಲು ಗುಡಿಸುತ್ತಿದ್ದರು, ನೆರಿಗೆಯಾದರೂ ಬರಲಿ ಎಂದು. ಹಿಂದೊಮ್ಮೆ ಅವಳು ಬಂದದ್ದೂ ಉಂಟು. ಅರ್ಧ ದಿನ ಸೇಸಮ್ಮನ ಮೆಟ್ಟಿಲಿನಲ್ಲಿ ಮಲಗಿ, ಚಪ್ಪರಕ್ಕೆ ಹಗ್ಗ ಕಟ್ಟುವುದರೊಳಗೆ ಎದ್ದು ಮುಂದಿನ ಬೀದಿಯ ಮೆಟ್ಟಿಲಿಗೆ ಹೋಗಿಬಿಟ್ಟಿದ್ದಳು. ಆಗ ಬಾವಿಕಟ್ಟೆಯ ಬಳಿ ನಾಲ್ಕು ಜನರೆದುರು ವಾರಿಜಕ್ಕ, "ಮಕ್ಕಳಿಲ್ಲದ ಮನೆ ಅಂತ ಅದಕ್ಕೂ ಗೊತ್ತಾಗ್ತದೆ" ಎಂದಿದ್ದರು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಸೇಸಮ್ಮನ ಕಿವಿಗೆ ಬಿದ್ದಾಗಿತ್ತು. ಅಂದಿನಿಂದ ಇಬ್ಬರೂ ಏನಾದರೂ ಹೇಳಲೇಬೇಕಾಗಿ ಬಂದರೆ ಸೇಸಮ್ಮನ ಬೆಕ್ಕಿಗೆ ಹೇಳುತ್ತಿದ್ದರು. ಬೆಕ್ಕು ನಡುಗೋಡೆಯ ಮೇಲೆ ಮಲಗಿ ಎರಡೂ ಕಡೆಯದನ್ನು ಕೇಳಿಸಿಕೊಳ್ಳುತ್ತಿತ್ತು.

"ಬೆಕ್ಕೇ," ಎಂದರು ಸೇಸಮ್ಮ ಆ ದಿನ, ಪೊರಕೆಯನ್ನು ಗೋಡೆಗೆ ಒರಗಿಸುತ್ತ, "ಕೆಲವರ ಮನೆಗೆ ಬಸುರಿ ಬಂದಿದ್ದಾಳೆ. ಬಿಸಿಲು ಏರ್ತಾ ಉಂಟು. ಅವರು ಒಳಗೆ ಕೂತುಕೊಂಡಿದ್ದಾರೆ." ಅಷ್ಟು ಹೇಳಿ ಅವರು ಬೀದಿಗೆ ಹೋಗಿ ಎಲ್ಲರಿಗೂ ಸುದ್ದಿ ಮುಟ್ಟಿಸಿದರು. ಮಧ್ಯಾಹ್ನದೊಳಗೆ ಚಪ್ಪರ ಎದ್ದಿತು.

ವಾರಿಜಕ್ಕ ಫೋನಿನಲ್ಲಿ ಮಗಳಿಗೆ ಹೇಳಿದರು. ಅವಳ ಗಂಡನ ಮನೆಯಲ್ಲಿ ಅತ್ತೆ ತೀರಿಕೊಂಡಿದ್ದರು. ಮಾವ, ಗಂಡ, ಗಂಡನ ತಮ್ಮಂದಿರು, ಎಲ್ಲ ಒಳ್ಳೆಯವರೇ. ಆದರೆ ಆ ಮನೆಯಲ್ಲಿ ಒಂದು ಹಂಡೆ ನೀರು ಕಾಯಿಸಬೇಕೆಂದರೆ ಮೂರು ಜನ ಸೇರಿ ಹೊಗೆ ಎಬ್ಬಿಸುತ್ತಿದ್ದರು. ಆಸ್ಪತ್ರೆಯಲ್ಲಿ ಹೆರಿಗೆಯೇನೋ ಆಗುತ್ತದೆ. ಆಮೇಲೆ ಬಾಣಂತಿಯನ್ನು ನೋಡಿಕೊಳ್ಳುವವರು ಯಾರು?

"ಅವಳು ಯಾವಾಗ ಹೆರ್ತಾಳಂತೆ?" ಎಂದಳು ವನಿತಾ.

"ನನ್ನತ್ರ ಹೇಳ್ತಾಳಾ ಅವಳು? ಮೂರೂವರೆ ವರ್ಷದ್ದರಲ್ಲಿ ಎಷ್ಟು ಆಯ್ತು ಅಂತ ನಾನು ಯಾರತ್ರ ಕೇಳ್ಲಿ?"

ವನಿತಾ ನಕ್ಕಳು. ನಗುತ್ತ ನಗುತ್ತ ಅತ್ತಳು. "ನಂಗೆ ಬೇರೆ ಎಂತದೂ ಬೇಡಮ್ಮ," ಎಂದಳು. "ಪಾಪುಗೆ ಮೊದಲ ಎಣ್ಣೆ ನಿನ್ನ ಕೈಯಲ್ಲಿ ಆಗ್ಬೇಕು ಅಂತಿತ್ತು." ಫೋನಿಟ್ಟ ಮೇಲೆ ವಾರಿಜಕ್ಕ ತಮ್ಮ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು.

ಸಿಟ್ಟಿದ್ದರೂ ಅವರು ಕೆಲಸಕ್ಕೆ ಮೋಸ ಮಾಡುವ ಹೆಂಗಸಲ್ಲ. ಐತಪ್ಪಣ್ಣ ಕಾರ್ಖಾನೆಯಿಂದ ಗಾಡಿಯಲ್ಲಿ ಮಂಜುಗಡ್ಡೆ ತಂದು ಹಿತ್ತಿಲಿಗೆ ಹಾಕುವುದು, ವಾರಿಜಕ್ಕ ಅದನ್ನು ಒಡೆದು ಎರಡೂ ಕೈಯಲ್ಲಿ ಬಾಚಿ ನೀರಿಗಿಳಿಸುವುದು. ದಿನಕ್ಕೆ ಎಷ್ಟು ಸಲವೋ. ಕೈ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು, ಆಮೇಲೆ ಬೆರಳ ಸಂದು ಬಿರಿಯಿತು. ಊಟದ ಹೊತ್ತಿಗೆ ಅನ್ನ ಬಿಸಿಯಿದೆಯೋ ತಣ್ಣಗಿದೆಯೋ ಎಂದು ಅವರ ಬೆರಳಿಗೆ ತಿಳಿಯುತ್ತಿರಲಿಲ್ಲ. ಮಂಜು ಹಾಕುವಾಗೆಲ್ಲ ಬೈಗುಳ. "ಬೇಗ ಹೆತ್ತು ಹೋಗು. ಎಷ್ಟು ದಿನ ಅಂತ ಇಟ್ಟುಕೊಳ್ತಿ ಹೊಟ್ಟೆಯೊಳಗೆ? ನಮಗೆಲ್ಲ ಒಂಬತ್ತು ತಿಂಗಳಿಗೇ ಸಾಕುಬೇಕಾಗ್ತದೆ, ನಿಂಗೆ ಬೇಜಾರು ಬರುದಿಲ್ವಾ?"

ಬಸುರಿಯ ಬಯಕೆಗೆಂದು ಬೊಂಡಾಸ್ ಮೀನು ತಂದು ಹಾಕಿದರು. ಆಳದಲ್ಲಿ ಇವಳು ತಿನ್ನುವುದು ಅದನ್ನೇ ಅಂತೆ, ಎಲುಬಿಲ್ಲದ, ಕಾಲು ಜೋಲುಬಿಟ್ಟ ಮೀನು. ಅವಳು ಮೂಸಿಯೂ ನೋಡಲಿಲ್ಲ. ಐತಪ್ಪಣ್ಣ ಮೇಲಿನ ಮೆಟ್ಟಿಲಿನಿಂದ ಇಣುಕಿ, "ಉಪ್ಪು ಹಾಕಿದ್ಯಾ?" ಎಂದರು.

"ಸಮುದ್ರದಲ್ಲಿ ಹುಟ್ಟಿದವಳಿಗೆ ಉಪ್ಪು ಹಾಕುದಾ? ಹೋಗಿ ಮಂಜು ತನ್ನಿ ನೀವು."

ನಾಲ್ಕು ದಿನ ಬಿಟ್ಟು, ಮೂರನೇ ಮೆಟ್ಟಿಲಿನಲ್ಲಿ ಕೂತು ಬೊಂಡಾಸನ್ನು ಕೈಯಲ್ಲೇ ಹಿಡಿದು ನೀರಿಗಿಳಿಸಿದಾಗ ಅವಳು ತಲೆಯೆತ್ತಿದಳು. ಬಾಯಿ ತೆರೆದಳು. ಅಬ್ಬಾ, ಆ ಬಾಯಿಯೊಳಗೆ ಸೂಜಿಯಂಥ ಹಲ್ಲುಗಳು ಸಾಲು ಸಾಲಾಗಿ, ಒಂದೊಂದಕ್ಕೂ ಮೂರು ಮೂರು ಮೊನೆ. ವಾರಿಜಕ್ಕ ಕೈ ಎಳೆದುಕೊಳ್ಳುವುದರಲ್ಲಿದ್ದರು. ಆದರೆ ಅವಳು ಬೊಂಡಾಸನ್ನು ಬೆರಳ ತುದಿಯಿಂದ ಎಷ್ಟು ಮೆತ್ತಗೆ ತೆಗೆದುಕೊಂಡಳೆಂದರೆ ಉಗುರಿಗೂ ತಾಗಲಿಲ್ಲ. ಮರುದಿನದಿಂದ ಬೈಗುಳ ಸ್ವಲ್ಪ ಕಡಿಮೆಯಾಯಿತು. ಬಾಲದ ಕಡೆ ಹಳೇ ಗಾಯದ ಗುರುತೊಂದಿತ್ತು. ಅದು ಯಾರು ಮಾಡಿದ್ದು, ಯಾವ ಕತ್ತಲೆಯಲ್ಲಿ ಆದದ್ದು ಎಂದು ವಾರಿಜಕ್ಕ ಮಂಜು ಹಾಕುತ್ತ ಹಾಕುತ್ತ ಕೇಳತೊಡಗಿದರು.

ಆದರೂ ದಿನ ನಿಲ್ಲುವುದಿಲ್ಲ. ವನಿತಾಗೆ ಒಂಬತ್ತು ತಿಂಗಳು ಹತ್ತಿರ ಬಂತು. ಫೋನಿನಲ್ಲಿ ಅವಳ ದನಿ ದಿನದಿನಕ್ಕೆ ಚಿಕ್ಕದಾಯಿತು. ಕಾಲು ಊದಿದೆ ಎಂದಳು, ರಾತ್ರಿ ನಿದ್ದೆಯಿಲ್ಲ ಎಂದಳು. ಮೈದುನ ಗಂಜಿ ಮಾಡಿದ್ದ, ತಳ ಹಿಡಿದಿತ್ತು, ಪಾಪ ಅವನೇ ಅತ್ತುಬಿಟ್ಟ ಎಂದಳು. ನೆರಿಗೆ ಮಾತ್ರ ಹೇಗಿದ್ದಳೋ ಹಾಗೇ ಇದ್ದಳು. ಅವಳ ಹೊಟ್ಟೆಯೊಳಗೆ ಏನೋ ಮಗ್ಗುಲು ಬದಲಿಸುವುದು ಚರ್ಮದ ಮೇಲೆಯೇ ಕಾಣುತ್ತಿತ್ತು. ಅಷ್ಟೇ.

ಒಂದು ದಿನ ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ ಹೊತ್ತಿಗೆ, ವಾರಿಜಕ್ಕ ಮನಸ್ಸು ಗಟ್ಟಿ ಮಾಡಿಕೊಂಡರು. ಹೊಡೆಯುವುದಲ್ಲ, ಬಡಿಯುವುದಲ್ಲ. ತನ್ನ ಮೆಟ್ಟಿಲ ಮೇಲಿನ ಚಪ್ಪರದ ಬಟ್ಟೆ ಒಂದಿಷ್ಟು ಸರಿಸಿದರೆ ಸಾಕು. ಬಿಸಿಲು ಬಿದ್ದೊಡನೆ ಅವಳು ತಾನೇ ನೆರಳಿದ್ದ ಕಡೆ ಹೋಗುತ್ತಾಳೆ. ಎಲ್ಲಿಗೆ? ಪಕ್ಕದಲ್ಲೇ ಸೇಸಮ್ಮನ ಮೆಟ್ಟಿಲಿದೆ. ಅವರಿಗೂ ಆಸೆ ಉಂಟು. ಎರಡು ಮನೆಗೂ ಒಳ್ಳೆಯದೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವರು ಹಗ್ಗದ ಗಂಟು ಬಿಚ್ಚಿದರು. ನಾಲ್ಕು ಸೀರೆ, ಒಂದು ಕಂಬಳಿ ಜಾರಿ ಬಂದವು. ಬಟ್ಟೆಯ ರಾಶಿಯನ್ನು ಮೇಲಿನ ಮೆಟ್ಟಿಲಿಗೆ ಎಸೆದು ನೀರಿನತ್ತ ನೋಡಿದರು.

ಬಿಸಿಲು ನೇರ ನೀರಿನ ತಳಕ್ಕೆ ಹೋಗಿತ್ತು. ನೆರಿಗೆಯ ಸುರುಳಿ ಒಮ್ಮೆಲೇ ಬಿಚ್ಚಿತು. ಅವಳು ಅತ್ತ ತಿರುಗಿದಳು, ಇತ್ತ ತಿರುಗಿದಳು, ಕುತ್ತಿಗೆಯ ಝಾಲರಿ ಬಡಬಡ ಬಡಿದುಕೊಂಡಿತು. ಭಾರದ ಹೊಟ್ಟೆ, ದೂರ ಈಜಲಾಗದು. ಸೇಸಮ್ಮನ ಕಡೆ ಹೋಗಲಿಲ್ಲ. ಕುರುಡು ಬಂದವಳಂತೆ ಮೆಟ್ಟಿಲನ್ನು ತಡಕುತ್ತ ತಡಕುತ್ತ ಬಂದು, ಬಿಸಿಲಿನ ನಡುವೆ ಉಳಿದಿದ್ದ ಒಂದೇ ಒಂದು ಕಪ್ಪು ತುಂಡಿನೊಳಗೆ ತಲೆಯಿಟ್ಟು ನಿಂತಳು. ಅದು ವಾರಿಜಕ್ಕನ ನೆರಳು.

ಬಟ್ಟೆ ತೆಗೆದುಕೊಳ್ಳಲು ಮೇಲೆ ಹತ್ತಿದರೆ ನೆರಳೂ ಜೊತೆಗೆ ಹತ್ತುತ್ತದೆ. ಕೂತರೆ ಚಿಕ್ಕದಾಗುತ್ತದೆ. ಸೆರಗನ್ನು ಎರಡೂ ಕೈಯಲ್ಲಿ ಅಗಲ ಹಿಡಿದು ನಿಂತುಬಿಟ್ಟರು. ಬಾಲ ಇನ್ನೂ ಬಿಸಿಲಿನಲ್ಲೇ ಇತ್ತು. "ಒಳಗೆ ಎಳೆದುಕೊ, ಎಳೆದುಕೊ ಮಗಾ," ಎಂದರು. ಮಗಾ ಎಂದು ಕರೆದದ್ದು ಅವರ ಗಮನಕ್ಕೇ ಬರಲಿಲ್ಲ. ಐತಪ್ಪಣ್ಣನನ್ನು ಕೂಗಿದರೆ ಅವರು ಕಾರ್ಖಾನೆಯಲ್ಲಿ. ಬೀದಿಯವರನ್ನು ಕೂಗಿದರೆ ಬಟ್ಟೆ ಬಿಚ್ಚಿದವರು ಯಾರೆಂದು ಹೇಳಬೇಕು. ಕತ್ತಿನ ಹಿಂದೆ ಸೂರ್ಯ ಸುಡುತ್ತಿದ್ದ. ವಾರಿಜಕ್ಕ ನಿಂತಲ್ಲೇ ಅಳತೊಡಗಿದರು, ಕಣ್ಣೊರೆಸಿಕೊಳ್ಳಲು ಕೈ ಬಿಡುವ ಹಾಗೂ ಇರಲಿಲ್ಲ.

ಗೋಡೆಯ ಮೇಲಿಂದ ಬೆಕ್ಕು ಎದ್ದು ಹೋದದ್ದನ್ನು ಅವರು ನೋಡಲಿಲ್ಲ. ನೋಡಿದ್ದು, ತಮ್ಮ ನೆರಳಿನ ಪಕ್ಕದಲ್ಲಿ ಇನ್ನೊಂದು ದೊಡ್ಡ ದುಂಡನೆಯ ನೆರಳು ಬಂದು ಸೇರಿಕೊಂಡದ್ದನ್ನು. ಸೇಸಮ್ಮ ತಮ್ಮ ಮೆಟ್ಟಿಲಿನಿಂದ ಮೊಣಕಾಲುದ್ದ ನೀರಿಗಿಳಿದು, ಸೀರೆ ಒದ್ದೆ ಮಾಡಿಕೊಂಡು, ಒಂದು ಕಪ್ಪು ಕೊಡೆ ಬಿಚ್ಚಿ ಹಿಡಿದಿದ್ದರು. ಊರಿನ ಕಪ್ಪು ಕೊಡೆಗಳೆಲ್ಲ ಚಪ್ಪರಕ್ಕೆ ಹೋಗಿದ್ದವಲ್ಲ, ಇದೊಂದನ್ನು ಅವರು ಬಚ್ಚಿಟ್ಟುಕೊಂಡಿದ್ದರು. ತೀರಿಹೋದ ಗಂಡನ ಕೊಡೆ ಅದು. ಒಂದು ಕಡ್ಡಿ ಮುರಿದಿತ್ತು.

"ಹೋಗಿ ಬಟ್ಟೆ ಕಟ್ಟಿ," ಎಂದರು ಸೇಸಮ್ಮ. ಬೆಕ್ಕಿಗಲ್ಲ, ನೇರ ವಾರಿಜಕ್ಕನ ಮುಖ ನೋಡಿ. "ನಾನು ಹಿಡ್ಕೊಳ್ತೇನೆ."

ವಾರಿಜಕ್ಕ ಹತ್ತಿ ಹೋಗಿ, ಒಂದೊಂದೇ ಸೀರೆಯನ್ನು ಹಗ್ಗಕ್ಕೆ ಹರಡಿ, ಗಂಟು ಬಿಗಿದರು. ಬೆರಳಿಗೆ ಸ್ಪರ್ಶ ಇರಲಿಲ್ಲವಾದ್ದರಿಂದ ಹಲ್ಲಿನಲ್ಲಿ ಕಚ್ಚಿ ಎಳೆದರು. ಸೇಸಮ್ಮ ಅಷ್ಟು ಹೊತ್ತೂ ನೀರಿನಲ್ಲಿ ನಿಂತೇ ಇದ್ದರು. ಯಾಕೆ ಬಿಚ್ಚಿದಿರಿ ಎಂದು ಕೇಳಲಿಲ್ಲ. ಆಮೇಲೂ ಆ ಸುದ್ದಿಯನ್ನು ಯಾರ ಬಾಯಿಗೂ ಹಾಕಲಿಲ್ಲ. ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ವಾರಿಜಕ್ಕನೇ ಹೇಳಿ.

ಚಪ್ಪರ ಮುಚ್ಚಿತು, ನೆರಿಗೆ ಸುರುಳಿ ಸುತ್ತಿ ಮಲಗಿದಳು. ಸೇಸಮ್ಮ ಕೊಡೆ ಮಡಚಿ ಹೊರಡುತ್ತಿದ್ದರು. ಆಗ ವಾರಿಜಕ್ಕ ಗೋಡೆಯ ಈಚೆ ಬಂದು ನಿಂತರು. ಅಂಥಾ ಮಾತನ್ನಾಡಿದ ಬಾಯಲ್ಲಿ ಈ ಮಾತನ್ನು ಹೇಗೆ ಕೇಳುವುದು? ಆದರೂ ಕೇಳಿದರು.

"ಸೇಸಮ್ಮ, ನನ್ನ ವನಿತಾಗೆ ನೀವು ತವರಾಗ್ತೀರಾ?"

ಸೇಸಮ್ಮ ತಿರುಗಲಿಲ್ಲ. ಒದ್ದೆ ಸೆರಗನ್ನು ಹಿಂಡಿದರು. ಮತ್ತೊಮ್ಮೆ ಹಿಂಡಿದರು. ಅದರಲ್ಲಿ ನೀರು ಉಳಿದಿರಲಿಲ್ಲ. ವಾರಿಜಕ್ಕ ಇನ್ನೇನು ಒಳಗೆ ಹೋಗಬೇಕು ಎನ್ನುವಾಗ ಅವರು ಬೆನ್ನು ಹಾಕಿಕೊಂಡೇ ಕೇಳಿದರು, "ಅವಳು ಹಾಗಲಕಾಯಿ ತಿಂತಾಳಾ?"

"ತಿಂತಾಳೆ," ಎಂದರು ವಾರಿಜಕ್ಕ. "ಬೆಲ್ಲ ಹಾಕಿದ್ರೆ ತಿಂತಾಳೆ."

"ಹಾಗಾದ್ರೆ ಬೆಲ್ಲ ತರಿಸ್ಬೇಕು," ಎಂದು ಸೇಸಮ್ಮ ಒಳಗೆ ಹೋದರು.

ಆ ಸಂಜೆಯೇ ಕಟ್ಟಿಗೆ, ಎಣ್ಣೆ, ಕಾಳುಮೆಣಸು, ಹರಿದ ಸೀರೆ, ತೊಟ್ಟಿಲು ಎಲ್ಲವೂ ಗೋಡೆಯ ಮೇಲಿನಿಂದ ಆಚೆ ಹೋದವು. ಐತಪ್ಪಣ್ಣ ತೊಟ್ಟಿಲು ದಾಟಿಸುವಾಗ, ಇದನ್ನು ಬಾಗಿಲಿನಿಂದ ಒಯ್ಯಬಾರದಾ ಎಂದು ಗೊಣಗಿದರು. ಎರಡು ದಿನ ಬಿಟ್ಟು ವನಿತಾ ದೋಣಿಯಲ್ಲಿ ಬಂದಳು. ತನ್ನ ಮನೆಯ ಮುಂದೆ ಒಂದು ಕ್ಷಣ ನಿಂತು, ಪಕ್ಕದ ಮನೆಯ ಹೊಸ್ತಿಲು ದಾಟಿದಳು. ಸೇಸಮ್ಮ ಆರತಿ ತಟ್ಟೆ ಹಿಡಿದಿದ್ದರು. ತಟ್ಟೆ ಓರೆಯಾಗಿ ಕುಂಕುಮದ ನೀರು ಅರ್ಧ ಅವರ ಕೈ ಮೇಲೇ ಚೆಲ್ಲಿತು.

ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸುಸೂತ್ರ ಹೆರಿಗೆ. ಬಟ್ಟೆಯಲ್ಲಿ ಸುತ್ತಿದ ಅದನ್ನು ಸೇಸಮ್ಮ ಎದೆಗವಚಿಕೊಂಡು ಮನೆಗೆ ತಂದರು. ಈಗ ಶುರುವಾಯಿತು ನೋಡಿ ಪೇಚಾಟ. ಸೇಸಮ್ಮ ಹುಟ್ಟಿದಾರಭ್ಯ ಹಸುಗೂಸಿಗೆ ನೀರೆರೆದವರಲ್ಲ. ಎರೆಯಬಲ್ಲ ವಾರಿಜಕ್ಕ ಮುಟ್ಟುವ ಹಾಗಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಸೇಸಮ್ಮ ಹಿತ್ತಿಲಿನ ಬಚ್ಚಲಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಳ್ಳುವುದು. ಗೋಡೆಯ ಈಚೆ ಸ್ಟೂಲಿನ ಮೇಲೆ ನಿಂತು ವಾರಿಜಕ್ಕ ದಿಂಬಿಗೆ ಸ್ನಾನ ಮಾಡಿಸಿ ತೋರಿಸುವುದು.

"ಕುತ್ತಿಗೆ! ಕುತ್ತಿಗೆ ಹಿಡ್ಕೊಳ್ಳಿ! ಹಾಗಲ್ಲ, ಹೀಗೆ, ನೋಡಿ."

"ನಿಮ್ಮ ದಿಂಬು ಒದೆಯುದಿಲ್ಲ, ಇವಳು ಒದೀತಾಳೆ."

"ಒದೀಲಿ. ಮೊದಲು ಎದೆ, ಆಮೇಲೆ ಹೊಟ್ಟೆ. ಹೊಕ್ಕುಳ ಸುತ್ತ ಮೆಲ್ಲಗೆ. ನೀರು ಮುಖಕ್ಕೆ ಬೀಳ್ಬಾರ್ದು, ಅಂಗೈ ಅಡ್ಡ ಹಿಡೀರಿ!"

ಮೊದಲ ದಿನ ಮಗುವಿಗಿಂತ ಹೆಚ್ಚು ಸೇಸಮ್ಮನೇ ಒದ್ದೆಯಾದರು. ಜಗಲಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ವನಿತಾ ನಕ್ಕೂ ನಕ್ಕೂ, "ಅಯ್ಯೋ ಹೊಲಿಗೆ ನೋಯ್ತದೆ, ನಿಲ್ಲಿಸಿ ನೀವಿಬ್ಬರೂ" ಎನ್ನುತ್ತಿದ್ದಳು. ವಾರಿಜಕ್ಕನೂ ನಗುತ್ತಿದ್ದರು. ಆಮೇಲೆ ಆಚೆ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವ ವಾಸನೆ ಬರುವಾಗ, ಇವರು ಒದ್ದೆ ದಿಂಬನ್ನು ಬಿಸಿಲಿಗಿಟ್ಟು ಮಂಜು ಒಡೆಯಲು ಕೂರುತ್ತಿದ್ದರು. ಅದೊಂದು ಹೊತ್ತು ಅವರಿಗೆ ಬಹಳ ಕಷ್ಟವಾಗುತ್ತಿತ್ತು. ಅತ್ತು ಹಗುರ ಮಾಡಿಕೊಳ್ಳೋಣವೆಂದರೆ ಗೋಡೆಯಾಚೆ ಕೇಳುತ್ತದೆ.

ಕೇಳುವವಳು ಒಬ್ಬಳಿದ್ದಳು. ವಾರಿಜಕ್ಕ ಮೂರನೇ ಮೆಟ್ಟಿಲಿನಲ್ಲಿ ಕೂತು ನೆರಿಗೆಗೆ ಎಲ್ಲ ಹೇಳುತ್ತಿದ್ದರು. ಇವತ್ತು ನಕ್ಕಿತಂತೆ. ಇವತ್ತು ಕತ್ತು ನಿಂತಿತಂತೆ. ಗೋಡೆ ಮೇಲಿಂದ ಕರೆದರೆ ನನ್ನ ದನಿಗೆ ತಿರುಗುತ್ತದೆ, ಮುಖ ಯಾವುದೆಂದು ಇನ್ನೂ ಗೊತ್ತಿಲ್ಲ. "ನಿನ್ನವು ಎಷ್ಟಿದ್ದಾವೋ ಒಳಗೆ," ಎನ್ನುತ್ತಿದ್ದರು. "ಹೊರಗೆ ಬಂದ ಮೇಲೆ ನಿಂಗೂ ಮುಟ್ಲಿಕ್ಕೆ ಕೈ ಇಲ್ಲ, ಅಲ್ವಾ?" ನೆರಿಗೆ ಬೊಂಡಾಸ್ ತೆಗೆದುಕೊಳ್ಳುವಾಗ ಈಗ ಒಂದಿಷ್ಟು ಹೊತ್ತು ಅವರ ಬೆರಳ ಬಳಿಯೇ ಮೂತಿಯಿಟ್ಟುಕೊಂಡು ಇರುತ್ತಿದ್ದಳು.

ಐದನೇ ತಿಂಗಳಿಗೆ ವನಿತಾಳ ಗಂಡ ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಆ ವಾರವೂ ಬಂತು. ವಾರಿಜಕ್ಕ ಮಗುವಿಗೆಂದು ಹೊಲಿದ ಕುಲಾವಿ ಎರಡು ಸಲ ಚಿಕ್ಕದಾಗಿ ಮೂರನೆಯದನ್ನು ಹೊಲಿದಾಗಿತ್ತು. ಒಂದು ಸಲ, ಒಂದೇ ಒಂದು ಸಲ ಎತ್ತಿಕೊಳ್ಳದೆ ಮೊಮ್ಮಗಳು ಹೊಳೆ ದಾಟುತ್ತಾಳೆ ಎಂದು ಅವರು ಮನಸ್ಸು ಗಟ್ಟಿ ಮಾಡಿಕೊಂಡುಬಿಟ್ಟಿದ್ದರು. ವನಿತಾ ಒಮ್ಮೆ ಗೋಡೆಯ ಬಳಿ ಬಂದು, ಯಾರೂ ಇಲ್ಲ, ಒಮ್ಮೆ ಮುಟ್ಟಮ್ಮ ಎಂದು ಮಗುವನ್ನು ಚಾಚಿದಳು. ವಾರಿಜಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬೇಡ ಮಗಾ. ಅವಳಿಗೆ ಏನಾದ್ರೂ ಆದ್ರೆ, ಇವಳಿಗೆ ಏನಾದ್ರೂ ಆದ್ರೆ, ನಾನು ಯಾವ ನೀರಿಗೆ ಹಾರ್ಲಿ?"

ಗಂಡ ಬರುವ ಹಿಂದಿನ ದಿನ ಬೆಳಗಾಗುವಾಗ ವಾರಿಜಕ್ಕ ಮೆಟ್ಟಿಲಿಳಿದು ನೋಡಿದರೆ ಸುರುಳಿ ಬಿಚ್ಚಿತ್ತು. ನೆರಿಗೆ ಉದ್ದಕ್ಕೆ ಮಲಗಿದ್ದಳು, ಅವಳ ಮಗ್ಗುಲಲ್ಲಿ ಮೊಳದುದ್ದದ ಮರಿಗಳು, ಒಂದೊಂದಕ್ಕೂ ಕುತ್ತಿಗೆಯಲ್ಲಿ ಪುಟ್ಟ ಕೆಂಪು ನೆರಿಗೆ. ಹುಟ್ಟಿದ ಗಳಿಗೆಯಿಂದಲೇ ತಾಯಿಯ ಹಾಗೆ ದೊಡ್ಡವರ ಮುಖ ಮಾಡಿಕೊಂಡಿದ್ದವು. ವಾರಿಜಕ್ಕ ಐತಪ್ಪಣ್ಣನನ್ನು ಕೂಗಿದರು, ಸೇಸಮ್ಮನನ್ನು ಕೂಗಿದರು, ಬೆಕ್ಕನ್ನೂ ಕೂಗಿದರು. ಮೊದಲೇ ಸಿದ್ಧವಾಗಿದ್ದ ಬಿದಿರಿನ ಮೊರ ತಂದರು. ಅಕ್ಕಿ, ಅರಿಶಿನ, ವೀಳ್ಯದೆಲೆ, ಎರಡು ಹಸಿರು ಬಳೆ. ತವರಿನಿಂದ ಹೊರಡುವ ಬಾಣಂತಿಗೆ ಮಡಿಲು ತುಂಬದೆ ಕಳಿಸುವುದುಂಟೇ? ಸೊಂಟದ ತನಕ ನೀರಿಗಿಳಿದು, ಅವಳ ಬೆನ್ನ ಮೇಲೆ ಅಕ್ಕಿ ಬಿಟ್ಟರು. "ಮೊದಲ ದಿನ ಇಲ್ಲಿಂದ ಹೋಗು ಅಂತ ಹೇಳಿದ್ದೆ ನಾನು," ಎಂದರು. "ಅದನ್ನು ಮನಸ್ಸಲ್ಲಿ ಇಟ್ಟುಕೊಳ್ಬೇಡ. ಮುಂದಿನ ಸಲವೂ ಬಾ. ಇಲ್ಲಿಗೇ ಬಾ." ವನಿತಾಳ ಮದುವೆಯ ದಿನ ಅಡುಗೆಯವರ ಗಲಾಟೆಯಲ್ಲಿ ಅಳಲು ಪುರುಸೊತ್ತಾಗದ ವಾರಿಜಕ್ಕ ಆ ದಿನ ಬಾಯಿಬಿಟ್ಟು ಅತ್ತರು. ನೆರಿಗೆ ಅವರ ಕಾಲ ಸುತ್ತ ಒಂದು ಬಾರಿ ಸುತ್ತು ಹಾಕಿ, ಚಪ್ಪರದ ನೆರಳು ಹಿಡಿದುಕೊಂಡು, ಮರಿಗಳನ್ನು ಕರೆದುಕೊಂಡು ಸಮುದ್ರದ ಕಡೆ ಹೋದಳು.

ವಾರಿಜಕ್ಕ ತಲೆಗೆ ಸ್ನಾನ ಮಾಡಿದರು. ಕಟ್ಟಳೆ ಮುಗಿಯಿತು. ಒಗೆದ ಸೀರೆ ಉಟ್ಟು, ಗೋಡೆಯ ಬಳಿಗೆ ಹೋಗದೆ, ಬೀದಿಗಿಳಿದು ಸುತ್ತಿ ಬಂದು, ಎಷ್ಟೋ ವರ್ಷಗಳ ಮೇಲೆ ಸೇಸಮ್ಮನ ಮುಂಬಾಗಿಲಿಂದ ಒಳಗೆ ಹೋದರು. ಹಿತ್ತಿಲಿನಲ್ಲಿ ಸೇಸಮ್ಮ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆಯ ಬಟ್ಟಲು ತೆಗೆಯುತ್ತಿದ್ದರು. ಅವರನ್ನು ನೋಡಿದೊಡನೆ ಬಟ್ಟಲನ್ನು ಕೆಳಗಿಟ್ಟರು. "ಬನ್ನಿ," ಎಂದರು. "ಕೂತುಕೊಳ್ಳಿ. ನಿಮ್ಮ ಕೈಯ ಎಣ್ಣೆ ಬೇಕು ಅಂತ ಅವಳಮ್ಮ ಅಷ್ಟು ಆಸೆ ಪಟ್ಟಿದ್ದಳು." ನಾಳೆಯಿಂದ ಆ ಬಚ್ಚಲಕಲ್ಲು ಬರಿದಾಗುವುದು ಅವರಿಗೂ ಗೊತ್ತಿತ್ತು.

ವಾರಿಜಕ್ಕ ಕಾಲು ಚಾಚಿ ಕೂತರು. ಸೇಸಮ್ಮ ಮಗುವನ್ನು ಅವರ ಕಾಲ ಮೇಲೆ ಮಲಗಿಸಿದರು. ಎಣ್ಣೆಯಲ್ಲಿ ಬೆರಳದ್ದಿ, ಉಸಿರು ಹಿಡಿದು, ವಾರಿಜಕ್ಕ ಮೊಮ್ಮಗಳ ಎದೆಯ ಮೇಲೆ ಅಂಗೈ ಇಟ್ಟರು. ಮಗು ಬೆಚ್ಚಿಬಿದ್ದು, ಮೈಯೆಲ್ಲ ಸೆಟೆದುಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕಿರುಚಿತು. ತಿಂಗಳುಗಟ್ಟಲೆ ಮಂಜು ಬಾಚಿದ ಕೈ. ಸ್ನಾನದ ಬಿಸಿನೀರಿಗೂ ಅದರ ತಂಪು ಬಿಟ್ಟಿರಲಿಲ್ಲ, ವಾರಿಜಕ್ಕನಿಗೆ ಅದು ತಿಳಿದೂ ಇರಲಿಲ್ಲ. ಅವರು ಕೈಯನ್ನು ಸರಕ್ಕನೆ ಹಿಂತೆಗೆದು ಎದೆಗೆ ಒತ್ತಿಕೊಂಡರು. "ತೆಗೀರಿ, ತೆಗೀರಿ," ಎಂದರು. "ನನ್ನ ಕೈ ಆಗುದಿಲ್ಲ ಅದಕ್ಕೆ. ನೀವೇ ಮಾಡಿ."

ಸೇಸಮ್ಮ ಮಗುವನ್ನು ಎತ್ತಿ ಎಡಹೆಗಲಿಗೆ ಹಾಕಿಕೊಂಡರು. ಬಲಗೈಯಲ್ಲಿ ಹಂಡೆಯಿಂದ ಒಂದು ಚೊಂಬು ಬಿಸಿನೀರು ಎತ್ತಿದರು. "ಎಲ್ಲಿಗೂ ಏಳ್ಬೇಡಿ," ಎಂದರು. "ಕೈ ಮುಂದೆ ಮಾಡಿ."

ಮಾಡಿದರು. ಸೇಸಮ್ಮ ಆ ಬಿರಿದ ಬೆರಳುಗಳ ಮೇಲೆ ನಿಧಾನ ನೀರು ಹುಯ್ದರು. ಇನ್ನೊಂದು ಚೊಂಬು. ಮತ್ತೊಂದು. ಹೆಗಲ ಮೇಲೆ ಮಗು ಅಳು ನಿಲ್ಲಿಸಿ ನೀರಿನ ಸದ್ದು ಕೇಳತೊಡಗಿತು.

"ಸೇಸಮ್ಮ, ಆವತ್ತು ಬಾವಿಕಟ್ಟೆಯಲ್ಲಿ ನಾನು ಆ ಮಾತು..."

"ನೀರು ಆರ್ತದೆ," ಎಂದರು ಸೇಸಮ್ಮ. "ಅಂಗೈ ತಿರುಗಿಸಿ."

ಹಂಡೆ ಅರ್ಧಕ್ಕೆ ಬಂದ ಮೇಲೆ ಅವರು ಚೊಂಬನ್ನು ಕೆಳಗಿಟ್ಟು, ವಾರಿಜಕ್ಕನ ಕೈಯನ್ನು ತೆಗೆದುಕೊಂಡು ತಮ್ಮ ಕೆನ್ನೆಗೆ ಇಟ್ಟು ನೋಡಿದರು. ಕಣ್ಣು ಮುಚ್ಚಿ, ಹಾಲಿನ ಬಿಸಿ ನೋಡುವ ಹಾಗೆ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ಹಾಂ, ಈಗ ಆಯ್ತು," ಎಂದು ಮಗುವನ್ನು ಕೊಟ್ಟರು.